ನಮ್ಮ ಬೀದಿಯ ಬ್ರಿಜ್ ಕೋರ್ಸು

ಮಗಳ ಯೂನಿಫಾರಂ ಅಂಗಿಯ ಎಡತೋಳು ಮುಗಿಸಿ ಬಲತೋಳಿಗೆ ಬಂದಿದ್ದೆ. ಮೊದಲು ಕಾಲರು, ಆಮೇಲೆ ತೋಳು, ಆಮೇಲೆ ಬೆನ್ನು, ಕಡೆಗೆ ಗುಂಡಿಪಟ್ಟಿ. ಈ ಕ್ರಮ ತಪ್ಪಿದರೆ ಒಂದು ಕಡೆಯ ಸುಕ್ಕು ಇನ್ನೊಂದು ಕಡೆಗೆ ಹೋಗಿ ಕೂರುತ್ತದೆ. ಇಸ್ತ್ರಿಪೆಟ್ಟಿಗೆ ಮೊಣಕೈ ಹತ್ತಿರ ಇರುವಾಗ ಇವರು ಶಾಲೆಯ ಸಭೆ ಮುಗಿಸಿ ಮನೆಗೆ ಬಂದರು. ಸೈಕಲ್ಲಿಗೆ ಬೀಗ ಹಾಕದೆ, ಅದನ್ನು ಗೋಡೆಗೆ ಒರಗಿಸಿ, ಅದು ಜಾರಿ ಬಿದ್ದ ಸದ್ದಿಗೂ ತಿರುಗಿ ನೋಡದೆ ಒಳಗೆ ಬಂದದ್ದು ನೋಡಿ ಸುದ್ದಿ ದೊಡ್ಡದೇ ಇರಬೇಕು ಅಂದುಕೊಂಡೆ.

"ಇವಳೇ, ಇಸ್ತ್ರಿ ಪಕ್ಕಕ್ಕಿಡು," ಎಂದರು. "ನಮ್ಮ ಮಗಳು ಬ್ರಿಜ್ ಕೋರ್ಸಿಗೆ ಸೆಲೆಕ್ಟ್ ಆಗಿದಾಳೆ."

ನಾನು ಇಸ್ತ್ರಿ ಪಕ್ಕಕ್ಕಿಟ್ಟೆ.

"ಇಡೀ ಹನ್ನೊಂದನೇ ಕ್ಲಾಸಲ್ಲಿ ಏಳೆಂಟೇ ಮಕ್ಕಳು. ಅದರಲ್ಲಿ ನಮ್ಮದೂ ಒಂದು. ಸೇತುವೆ ಕಟ್ಟೋ ವಿದ್ಯೆ ಕಣೆ. ಹೆಡ್ಮಿಸ್ಸು ಬೋರ್ಡಿನ ಮೇಲೆ ಪ್ಲ್ಯಾನೇ ಬರೆದು ತೋರಿಸಿದರು. ಈ ಕಡೆ ಒಂದು ದಡ, ಆ ಕಡೆ ಒಂದು ದಡ, ಮಧ್ಯೆ ಬ್ರಿಜ್."

ಇವರನ್ನು ತಿಳಿಯದವರಿಗೆ ಎರಡು ಮಾತು ಹೇಳಬೇಕು. ಪೇಟೆಯ ಹಾರ್ಡ್‌ವೇರ್ ಅಂಗಡಿಯ ಕೌಂಟರಿನ ಹಿಂದೆ ನಿಂತೇ ತಲೆಕೂದಲು ಬೆಳ್ಳಗೆ ಮಾಡಿಕೊಂಡವರು ಇವರು. ಮೊಳೆ, ಬೋಲ್ಟು, ನಟ್ಟು, ಚಿಲಕ, ನಲ್ಲಿ ಯಾವುದು ಯಾವ ಡಬ್ಬದಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲರು. ತೊಂದರೆ ಏನೆಂದರೆ, ಗಿರಾಕಿಗೆ ಬೇಕಾದ್ದು ಯಾವುದು ಎಂದು ಕೇಳುವಷ್ಟು ವ್ಯವಧಾನ ಇಲ್ಲ. ಅವನು ಬಾಯಿ ತೆರೆಯುವಷ್ಟರಲ್ಲಿ "ಗೊತ್ತು, ಗೊತ್ತು" ಅಂದುಬಿಡುತ್ತಾರೆ. ಚಿಲಕಕ್ಕೆಂದು ಬಂದವರು ನಲ್ಲಿ ಕಟ್ಟಿಸಿಕೊಂಡು ಹೋಗಿ ಮಾರನೇ ದಿನ ವಾಪಸು ತಂದದ್ದುಂಟು. ಅಂಗಡಿಯ ಹುಡುಗರು ಇವರಿಗೆ ಗೊತ್ತಪ್ಪ ಎಂದು ಅಡ್ಡಹೆಸರಿಟ್ಟಿದ್ದಾರೆ. ಅದೂ ಇವರಿಗೆ ಗೊತ್ತು. ಗೌರವದಿಂದ ಇಟ್ಟ ಹೆಸರು ಎಂದು ತಿಳಿದಿದ್ದಾರೆ.

ಇಂಥವರು ಸಭೆಗೆ ತಡವಾಗಿ ಹೋಗಿ, ಹಿಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೆ ಕೂತು, ಕೇಳಿಸಿದಷ್ಟಕ್ಕೆ ತಲೆಯಾಡಿಸಿ ಬಂದಿದ್ದರು. ನಿಜ ಏನೆಂದು ಆ ಸಂಜೆ ಅಡುಗೆಮನೆಯಲ್ಲಿ ಮಗಳು ಹೇಳಿದಳು. ಹನ್ನೊಂದು ಹನ್ನೆರಡನೇ ಕ್ಲಾಸಿನ ಪಾಠಗಳನ್ನು ಶಾಲೆಯವರು ಮೂರು ಭಾಗ ಮಾಡಿದ್ದಾರಂತೆ. ಮೊದಲನೆಯದು ಎಲ್ಲರೂ ಕಲಿಯಲೇಬೇಕಾದ ಭಾಷೆಗಳು. ಎರಡನೆಯದರಲ್ಲಿ ನಾಲ್ಕು ಕಾಲಂ, ಒಂದೊಂದು ಕಾಲಮ್ಮಿನಿಂದ ಒಂದೊಂದು ವಿಷಯ ಆರಿಸಿಕೊಳ್ಳಬೇಕು. ಆರಿಸಿಕೊಂಡ ವಿಷಯಕ್ಕೆ ಬೇಕಾದ ಅಡಿಪಾಯವನ್ನು ಹಿಂದಿನ ಕ್ಲಾಸುಗಳಲ್ಲಿ ಓದಿಲ್ಲದವರಿಗೆ ಮೂರನೆಯದು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕೂರುವ ತರಗತಿ. ಅದರ ಹೆಸರೇ ಬ್ರಿಜ್ ಕೋರ್ಸು. ನಮ್ಮವಳು ಒಂಬತ್ತನೇ ಕ್ಲಾಸಿನಲ್ಲಿ, ಬೇಕಾದವರು ಆರಿಸಿಕೊಳ್ಳುವ ಹೆಚ್ಚಿನ ಗಣಿತ ಬಿಟ್ಟು ಚಿತ್ರಕಲೆ ತೆಗೆದುಕೊಂಡಿದ್ದಳು. ಈಗ ಅವಳಿಗೆ ಭೌತಶಾಸ್ತ್ರ ಬೇಕಾಗಿತ್ತು, ಅದಕ್ಕೆ ಆ ಗಣಿತವೇ ಅಡಿಪಾಯ.

ಯಾಕೆ ಬೇಕು ಅನ್ನುವುದಕ್ಕೂ ಒಂದು ಕಥೆಯಿದೆ. ಇವರ ಅಕ್ಕನಿಗೆ, ಅಂದರೆ ನನ್ನ ಅತ್ತಿಗೆಗೆ, ಕಿವಿ ಮಂದ. ಹೋದ ವರ್ಷ ಆಸ್ಪತ್ರೆಗೆ ಮಗಳು ಜೊತೆಗೆ ಹೋಗಿದ್ದಳು. ಅಲ್ಲಿ ಗಾಜಿನ ಗೂಡಿನಾಚೆ ಒಬ್ಬ ಹೆಂಗಸು ಗುಂಡಿಗಳನ್ನು ತಿರುಗಿಸುತ್ತ, ಅತ್ತೆಗೆ ಎಷ್ಟು ಸಣ್ಣ ಸದ್ದು ಕೇಳುತ್ತದೆ ಎಂದು ಅಳೆಯುತ್ತಿದ್ದಳಂತೆ. ತಾನೂ ಆ ಗೂಡಿನಾಚೆ ಕೂರಬೇಕು ಎಂದು ಇವಳು ಅವತ್ತೇ ಮನಸ್ಸು ಮಾಡಿದ್ದಾಳೆ.

"ಅಪ್ಪನಿಗೆ ಸರಿಯಾಗಿ ಹೇಳಬಾರದೇನೆ," ಎಂದೆ.

"ಹಿಂದೆ ಬಿದ್ದವರ ಕ್ಲಾಸು ಅಂತ ಗೊತ್ತಾದ್ರೆ ಬಿಡಿಸಿ ಹಾಕ್ತಾರಮ್ಮ. ತಿಂಗಳಾದ ಮೇಲೆ ಇನ್ನೊಂದು ಮೀಟಿಂಗ್ ಇದೆ. ಆ ವಾರ ಕಳೆದರೆ ಮತ್ತೆ ಬದಲಾಯಿಸೋಕೆ ಆಗಲ್ಲ. ಅಲ್ಲಿವರೆಗೂ ಅವರು ಸೇತುವೆ ಅಂದ್ಕೊಂಡಿರಲಿ."

ಬ್ರಿಜ್ ಬಿಟ್ಟರೆ ಭೌತಶಾಸ್ತ್ರವಿಲ್ಲ, ಭೌತಶಾಸ್ತ್ರವಿಲ್ಲದಿದ್ದರೆ ಗಾಜಿನ ಗೂಡೂ ಇಲ್ಲ. ಕಿವಿ ಪರೀಕ್ಷೆಗೆ ಅತ್ತಿಗೆಗಿಂತ ಮೊದಲಿನ ಪೇಷಂಟು ನಮ್ಮ ಮನೆಯಲ್ಲೇ ಇದ್ದಾರಲ್ಲ ಎಂದುಕೊಂಡು ನಾನು ಸುಮ್ಮನಾದೆ.

ನಾವು ಸುಮ್ಮನಿದ್ದೆವು, ಇವರು ಇರಬೇಕಲ್ಲ. ಮಾರನೇ ದಿನ ಅಂಗಡಿಯಿಂದ ಬರುವಾಗ ಮಗಳಿಗೆ ಉಡುಗೊರೆ ತಂದರು. ಒಂದು ರಸಮಟ್ಟ. ಮೇಸ್ತ್ರಿಗಳು ಗೋಡೆ, ನೆಲ ಸಮವಾಗಿದೆಯೇ ಎಂದು ನೋಡಲು ಇಡುವ, ಗಾಜಿನ ಕೊಳವೆಯೊಳಗೆ ಹಸಿರು ನೀರು, ನೀರಿನೊಳಗೆ ಒಂದು ಗುಳ್ಳೆ ಇರುವ ಪಟ್ಟಿ. ಗುಳ್ಳೆ ನಡುವಿನ ಗೆರೆಗಳ ಮಧ್ಯೆ ನಿಂತರೆ ಸಮ, ಪಕ್ಕಕ್ಕೆ ಜಾರಿದರೆ ಓರೆ. ಅದನ್ನು ಸುತ್ತಿದ್ದ ಕಾಗದವನ್ನೂ ಹರಿಯದಂತೆ ಬಿಚ್ಚಿ, "ಎಂಜಿನಿಯರ್ ಕೈಲಿ ಮೊದಲು ಇರಬೇಕಾದ್ದು ಇದು," ಎಂದು ಅವಳ ಕೈಗಿಟ್ಟರು. ಮಗಳು ನನ್ನ ಮುಖ ನೋಡಿದಳು. ನಾನು ಒಲೆಯ ಮುಖ ನೋಡಿದೆ.

ಆ ವಾರವೆಲ್ಲ ನಮ್ಮ ಮನೆಯಲ್ಲಿ ಸಮವಾಗಿದ್ದದ್ದು ಯಾವುದೂ ಇಲ್ಲ ಎಂದು ಸಾಬೀತಾಯಿತು. ಊಟದ ಮೇಜು ಪಶ್ಚಿಮಕ್ಕೆ ವಾಲಿತ್ತು, ಕಪಾಟು ಗೋಡೆಗೆ ಬೆನ್ನು ಕೊಟ್ಟು ನಿದ್ದೆ ಹೋಗಿತ್ತು. ನನ್ನ ಇಸ್ತ್ರಿ ಮೇಜಿನ ಒಂದು ಕಾಲಿನ ಕೆಳಗೆ ಇವರೇ ಮಡಿಸಿದ ರಟ್ಟು ಇಟ್ಟರು. ಅದು ಮೊದಲೇ ಸರಿಯಾಗಿತ್ತು. ಆಮೇಲಿಂದ ಅಲ್ಲಾಡತೊಡಗಿತು.

ಸುದ್ದಿ ಅತ್ತಿಗೆಗೂ ಹೋಯಿತು. ಇವರು ಫೋನಿನಲ್ಲಿ ಕೂಗಿ ಕೂಗಿ "ಬ್ರಿಜ್, ಬ್ರಿಜ್" ಎಂದರು. ಆ ಕಡೆ ಅದು "ಫ್ರಿಜ್" ಆಗಿ ಇಳಿಯಿತು. ಹೆಣ್ಣು ಹುಡುಗಿ ಆದರೂ ಕೈಕೆಲಸ ಕಲಿಯುತ್ತಿರುವುದು ಒಳ್ಳೆಯದೇ ಆಯಿತು ಎಂದು ಅತ್ತಿಗೆ ನೆಂಟರಿಗೆಲ್ಲ ಹೇಳಿಕೊಂಡು ಬಂದರು. ಎರಡು ದಿನ ಕಳೆದು ನನ್ನ ತಂಗಿಯ ಗಂಡನ ಫೋನು. ಕೆಳಗಿನ ಖಾನೆ ತಣ್ಣಗಾಗುತ್ತಿಲ್ಲ, ಮೇಲೆ ಮಾತ್ರ ಬೆಟ್ಟದಷ್ಟು ಮಂಜುಗಡ್ಡೆ, ಹುಡುಗಿಗೆ ಪುರುಸೊತ್ತಿದ್ದಾಗ ಒಂದು ಸಲ ಬಂದು ನೋಡಲಿ ಎಂದ. ಅವಳಿಗೆ ಈಗ ಪರೀಕ್ಷೆ ಎಂದು ಹೇಳಿ ಫೋನಿಟ್ಟೆ.

ಇದೆಲ್ಲ ಮನೆಯೊಳಗಿನ ಮಾತಾಯಿತು. ವಿಷಯ ಬೀದಿಗೆ ಬಿದ್ದದ್ದು ಗಾರ್ಡು ಅವರಿಂದ. ಎದುರುಮನೆಯ ಅವರು ರೈಲ್ವೆ ಗಾರ್ಡ್ ಆಗಿದ್ದು ನಿವೃತ್ತರಾದವರು. ರೈಲು ಇಲ್ಲದೆ ಹೋದ ಮೇಲೆ ನಮ್ಮ ಬೀದಿಯನ್ನೇ ಹೊತ್ತಿಗೆ ಸರಿಯಾಗಿ ನಡೆಸುತ್ತಿದ್ದಾರೆ. ಬೀದಿಯ ಬಾಯಲ್ಲಿ ಒಂದು ಮೋರಿ ಅಡ್ಡ ಹಾಯುತ್ತದೆ. ಅದರ ಮೇಲಿನ ಕಲ್ಲು ಚಪ್ಪಡಿ ಸೀಳಿ, ಒಂದು ಅಂಚು ಕುಸಿದು ವರ್ಷಗಳೇ ಆಗಿವೆ. ಹಾಲಿನವನು ಅಲ್ಲಿ ಸೈಕಲ್ಲಿಂದ ಇಳಿದು ನಡೆಯುತ್ತಾನೆ. ಗಾರ್ಡು ಅವರ ಹೆಂಡತಿ ಅದನ್ನು ದಾಟಲಾಗದೆ ಸಂಜೆಯ ಓಡಾಟವನ್ನೇ ಬಿಟ್ಟಿದ್ದಾರೆ. ವಾರ್ಡ್ ಆಫೀಸಿಗೆ ಗಾರ್ಡು ಅವರು ಹೋಗಿ ಬಂದ ಸಲಗಳಿಗೆ ಲೆಕ್ಕವಿಲ್ಲ.

ನಮ್ಮ ಮಗಳು ಬ್ರಿಜ್ ಕಲಿಯುತ್ತಿದ್ದಾಳೆ ಎಂದು ಇವರು ಗೇಟಿನ ಹತ್ತಿರ ನಿಂತು ಹೇಳಿದ್ದೇ ತಡ, ಗಾರ್ಡು ಅವರು ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಆಕ್ಷೇಪಿಸಿದರು. ಭಾನುವಾರ ಬೆಳಿಗ್ಗೆ ಮಗಳನ್ನು ಮೋರಿಯ ಹತ್ತಿರ ಕರೆದೊಯ್ದರು. ಹಿಂದೆ ಇವರು, ರಸಮಟ್ಟ ಎರಡೂ ಕೈಯಲ್ಲಿ ಹಿಡಿದು. ಇವರ ಹಿಂದೆ ಬೀದಿಯ ಅರ್ಧ ಜನ. ಮಗಳು ಮಂಡಿಯೂರಿ ರಸಮಟ್ಟವನ್ನು ಚಪ್ಪಡಿಯ ಮೇಲಿಟ್ಟಳು. ಎಲ್ಲರೂ ಉಸಿರು ಬಿಗಿಹಿಡಿದು ಬಗ್ಗಿದರು.

"ಗುಳ್ಳೆ ಮಧ್ಯದಲ್ಲಿಲ್ಲ," ಎಂದಳು ಮಗಳು. ಅವಳು ಸುಳ್ಳು ಹೇಳುವವಳಲ್ಲ.

ಚಪ್ಪಡಿ ಓರೆಯಾಗಿದೆ ಎಂದು ಹುಟ್ಟಿದ ಮಗುವಿಗೂ ಕಾಣುತ್ತಿತ್ತು. ಆದರೆ ಗುಳ್ಳೆಯೇ ಸಾಕ್ಷಿ ಹೇಳಿದ ಮೇಲೆ ಅದರ ತೂಕವೇ ಬೇರೆಯಾಯಿತು. ಗಾರ್ಡು ಅವರು ಸೋಮವಾರ ವಾರ್ಡ್ ಆಫೀಸಿಗೆ ಹೋಗಿ, ಬ್ರಿಜ್ ಕೋರ್ಸಿನವರು ಬಂದು ಪರೀಕ್ಷೆ ಮಾಡಿದ್ದಾರೆ, ಗುಳ್ಳೆ ಪೂರ್ತಿ ಎಡಕ್ಕೆ ಹೋಗಿದೆ ಎಂದು ಇಷ್ಟೇ ಹೇಳಿ, ಮುಂದಿನದನ್ನು ಹೇಳದೆ ಎದ್ದು ಬಂದರಂತೆ. ಅವರ ಜನ್ಮದಲ್ಲಿ ಅಷ್ಟು ಚಿಕ್ಕ ಭಾಷಣ ಇನ್ನೊಂದಿಲ್ಲ. ಅದೇ ಕೆಲಸ ಮಾಡಿತು. ಅಲ್ಲಿನ ಓವರ್ಸಿಯರು ಮೂರನೇ ದಿನಕ್ಕೆ ನಮ್ಮ ಬಾಗಿಲಲ್ಲಿ ನಿಂತಿದ್ದರು.

ಪರೀಕ್ಷೆ ಮಾಡಿದವರು ಯಾರು ಎಂದು ಅವರು ಕೇಳಿದ್ದಕ್ಕೆ ಇವರು ಮಗಳನ್ನು ಕರೆದರು. ಎರಡು ಜಡೆಯ ಹುಡುಗಿ ಪೆನ್ಸಿಲ್ ಕಚ್ಚಿಕೊಂಡು ಹೊರಗೆ ಬಂದದ್ದು ನೋಡಿ ಓವರ್ಸಿಯರಿಗೆ ಸ್ವಲ್ಪ ಧೈರ್ಯ ಬಂತು.

"ಯಾವ ಇಲಾಖೆಯಿಂದಮ್ಮ?"

"ಹನ್ನೊಂದನೇ ಕ್ಲಾಸು, ಸರ್."

"ಅಲ್ಲ, ಈ ರಿಪೋರ್ಟು ಯಾರಿಗೆ ಹೋಗುತ್ತೆ?"

ಬ್ರಿಜ್ ತರಗತಿಯಲ್ಲಿ ದಿನಾ ಏನು ಮಾಡಿದೆವೆಂದು ಯಾರಿಗೆ ಒಪ್ಪಿಸುತ್ತೀರಿ ಎಂದು ಕೇಳುತ್ತಿದ್ದಾರೆ ಅಂದುಕೊಂಡ ಮಗಳು, "ನಾವು ಮಾಡಿದ್ದನ್ನೆಲ್ಲ ಮೇಷ್ಟ್ರು ಹೆಡ್ಮಿಸ್ಸಿಗೆ ಕೊಡ್ತಾರೆ. ಅವರು ಮೇಲಕ್ಕೆ ಕಳಿಸ್ತಾರೆ," ಎಂದಳು.

"ಮೇಲಕ್ಕೆ," ಎಂದರು ಓವರ್ಸಿಯರು.

"ಮೇಲಕ್ಕೇ," ಎಂದು ಇವರೂ ಗಂಭೀರವಾಗಿ ತಲೆಯಾಡಿಸಿದರು.

ಓವರ್ಸಿಯರು ನಾನು ಕೊಟ್ಟ ಚಹಾವನ್ನು ಮುಗಿಸದೆ, ನೋಡೋಣ, ಏನಾದರೂ ಮಾಡೋಣ, ಸದ್ಯಕ್ಕೆ ಏನೂ ಕಳಿಸುವುದು ಬೇಡ ಎಂದು ಹೇಳಿ ಹೊರಟುಹೋದರು.

ಈ ಎಲ್ಲದರ ನಡುವೆ ನನಗೂ ಒಂದು ಕೆಲಸ ಗಂಟುಬಿದ್ದಿತ್ತು. ಬ್ರಿಜ್ ತರಗತಿಯ ಗಣಿತದ ಮೇಷ್ಟ್ರದು ಒಂದು ನಿಯಮವಂತೆ. ಅವತ್ತಿನ ಪಾಠವನ್ನು ಅವತ್ತೇ ಸಂಜೆ, ಮನೆಯಲ್ಲಿ ಅದು ಗೊತ್ತಿಲ್ಲದ ಒಬ್ಬರಿಗೆ ಹೇಳಿಕೊಡಬೇಕು. ಮಗಳು ಮೊದಲು ಅಪ್ಪನ ಹತ್ತಿರ ಹೋದಳು. ಅವಳು ಎಕ್ಸ್ ಅನ್ನುವಷ್ಟರಲ್ಲಿ ಅವರು ಗೊತ್ತು ಗೊತ್ತು ಎಂದರು. ಗೊತ್ತಿರುವವರಿಗೆ ಹೇಳುವ ಹಾಗಿಲ್ಲವಲ್ಲ. ಹಾಗಾಗಿ ನನ್ನ ಪಾಲಿಗೆ ಬಂತು. ನಾನು ಇಸ್ತ್ರಿ ಮಾಡುತ್ತಿದ್ದರೆ ಅವಳು ಮೇಜಿನ ಆ ತುದಿಯಲ್ಲಿ ನಿಂತು ಹೇಳುತ್ತಿದ್ದಳು. ನಾನು ಅವಳ ವಯಸ್ಸಿನಲ್ಲಿದ್ದಾಗ ನಮ್ಮ ಶಾಲೆಯಲ್ಲಿ ಗಂಡುಮಕ್ಕಳಿಗೆ ಗಣಿತ, ಹೆಣ್ಣುಮಕ್ಕಳಿಗೆ ಹೊಲಿಗೆ. ಆ ಕೋಣೆಯಿಂದ ಈ ಕೋಣೆಗೆ ಹೋಗಲು ಬ್ರಿಜ್ ಇರಲಿ, ಕಿಟಕಿಯೂ ಇರಲಿಲ್ಲ.

ಮೊದಲ ದಿನ ನನಗೆ ಏನೂ ತಿಳಿಯಲಿಲ್ಲ. ಅವಳು ಸಿಟ್ಟಾಗಿ, ಆಮೇಲೆ ಯೋಚಿಸಿ, ರಸಮಟ್ಟ ತಂದು ಇಸ್ತ್ರಿ ಮೇಜಿನ ಮೇಲಿಟ್ಟಳು. "ನೋಡಮ್ಮ, ಈ ಎರಡು ಗೆರೆ ಇದೆಯಲ್ಲ, ಅದೇ ಸಮ ಅನ್ನೋ ಗುರುತು ಅಂದ್ಕೋ. ಈ ಕಡೆ ಏನು ಮಾಡಿದ್ರೂ ಆ ಕಡೆನೂ ಅದನ್ನೇ ಮಾಡಬೇಕು. ಇಲ್ಲದಿದ್ರೆ ಗುಳ್ಳೆ ಓಡಿಹೋಗುತ್ತೆ." ಗುಳ್ಳೆ ಆಗಲೇ ಓಡಿತ್ತು, ರಟ್ಟಿನ ದೆಸೆಯಿಂದ. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಎರಡನೇ ಸಭೆಯ ದಿನ ಬಂತು. ಈ ಸಲ ನಾನೂ ಹೊರಟೆ. ಇವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಭುಜಕ್ಕೆ ಒಂದು ಗೋಣಿಚೀಲ ಹಾಕಿಕೊಂಡಿದ್ದರು. ಅದೇನೆಂದು ಕೇಳಿದರೆ, ಆಮೇಲೆ ಗೊತ್ತಾಗುತ್ತೆ ಎಂದರು. ನಡೆಯುವಾಗ ಚೀಲ ಝಣಝಣ ಎನ್ನುತ್ತಿತ್ತು.

ಸಭಾಂಗಣದಲ್ಲಿ ಇವರು ಮೊದಲ ಸಾಲಿನಲ್ಲೇ ಕೂತರು. ಹೆಡ್ಮಿಸ್ಸು ಬೋರ್ಡಿನ ಮೇಲೆ ಮತ್ತೆ ಅದೇ, ಇವರು ದಡ ಮತ್ತು ಬ್ರಿಜ್ ಎಂದು ತಿಳಿದಿದ್ದ ಮೂರು ಚೌಕ ಬರೆದು, ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ಕೇಳಿದ್ದೇ ತಡ, ಇವರು ಎದ್ದರು. ನಾನು ಅಂಗಿಯ ಚುಂಗು ಹಿಡಿದು ಜಗ್ಗಿದೆ. ಚೆನ್ನಾಗಿ ಇಸ್ತ್ರಿಯಾದ ಬಟ್ಟೆ, ಕೈಯಿಂದ ಜಾರಿಹೋಯಿತು. ಇವರು ನೇರ ಹೆಡ್ಮಿಸ್ಸಿನ ಮೇಜಿನ ಬಳಿ ಹೋಗಿ ಚೀಲವನ್ನು ಅದರ ಮೇಲಿಟ್ಟು ಚೀಲದ ಬಾಯಿ ಬಿಚ್ಚಿದರು. ಗೇಣುದ್ದದ ಬೋಲ್ಟುಗಳು, ಮುಷ್ಟಿಗಾತ್ರದ ನಟ್ಟುಗಳು, ಎಲ್ಲಕ್ಕೂ ಎಣ್ಣೆ ಒರೆಸಿ ಹೊಳಪು ಕೊಟ್ಟಿದ್ದರು.

"ಮಕ್ಕಳ ಪ್ರಾಕ್ಟಿಕಲ್ಲಿಗೆ ಇರಲಿ ಅಂತ," ಎಂದರು. "ಶುರುವಿಗೆ ಸಣ್ಣ ಬ್ರಿಜ್ ಕಟ್ಟಿಸ್ತೀರೋ, ದೊಡ್ಡದೋ ಗೊತ್ತಾಗಲಿಲ್ಲ. ಎರಡು ಸೈಜೂ ತಂದಿದೀನಿ."

ಹಿಂದಿನ ಸಾಲಿನಲ್ಲಿ ಯಾರೋ ಔಷಧಿ ಅಂಗಡಿಯವರು, ಅದು ವೀಕ್ ಮಕ್ಕಳ ಕ್ಲಾಸು ಸ್ವಾಮಿ, ಕಬ್ಬಿಣದ ಬ್ರಿಜ್ ಅಲ್ಲ ಎಂದರು. ಸಭೆ ನಕ್ಕಿತು. ಕೆಟ್ಟ ಮನಸ್ಸಿನಿಂದ ಅಲ್ಲ. ಬೆಳಗಿನಿಂದ ಕಾಲಮ್ಮುಗಳನ್ನು ಕೇಳಿ ಬಳಲಿದ್ದರು, ನಗಲು ಒಂದು ನೆಪ ಬೇಕಿತ್ತು. ಇವರು ಮೊದಲು ತಾವೂ ನಕ್ಕರು. ಆಮೇಲೆ ಯಾವುದಕ್ಕೆ ಎಂದು ತಿಳಿದು, ನಗುವನ್ನು ಎಲ್ಲಿಡುವುದೆಂದು ಗೊತ್ತಾಗದೆ ಹಾಗೇ ಹಿಡಿದುಕೊಂಡು ನಿಂತರು.

ಆಗ ಗಣಿತದ ಮೇಷ್ಟ್ರು ಎದ್ದು ಬಂದರು. ಚೀಲದಿಂದ ಒಂದು ಬೋಲ್ಟು ತೆಗೆದು, ಅದಕ್ಕೆ ನಟ್ಟು ಹಾಕಿ ನಿಧಾನವಾಗಿ ತಿರುಗಿಸಿದರು. ಒಂದು ಸುತ್ತು ತಿರುಗಿಸಿದರೆ ಇದು ಇಷ್ಟು ಮುಂದೆ ಹೋಗುತ್ತದೆ, ಹತ್ತು ಸುತ್ತು ತಿರುಗಿಸಿದರೆ ಎಷ್ಟು ಎಂದು ಕೇಳಿದರೆ ಮಕ್ಕಳಿಗೆ ಒಂದು ವಾರದ ಪಾಠವಾಗುತ್ತದೆ, ಇವನ್ನು ನಾನು ಇಟ್ಟುಕೊಳ್ಳುತ್ತೇನೆ ಎಂದು ಸಭೆಗೆ ಕೇಳುವಂತೆ ಹೇಳಿದರು. ಇವರಿಗೆ ಮಾತ್ರ ಕೇಳುವಂತೆ, "ನಿಮ್ಮ ಮಗಳು ಹಿಂದೆ ಬಿದ್ದಿಲ್ಲ. ದಾರಿ ಬದಲಾಯಿಸಿದಾಳೆ, ಅಷ್ಟೇ," ಎಂದರು.

ಇವರು ಗೊತ್ತು ಅನ್ನಲಿಲ್ಲ. ಮದುವೆಯಾದಾಗಿನಿಂದ ಅದು ಮೊದಲನೆಯ ಸಲ.

ಮನೆಗೆ ನಡೆಯುತ್ತ ಮೋರಿಯ ಹತ್ತಿರ ಬಂದಾಗ, ನಾಳೆ ಅಂಗಡಿಗೆ ಹೋಗುವ ಮೊದಲು ಶಾಲೆಗೆ ಹೋಗಿ ಅವಳನ್ನು ಬೇರೆ ಕಾಲಮ್ಮಿಗೆ ಹಾಕಿಸಿ ಬರುತ್ತೇನೆ ಎಂದರು. ಬೀದಿಯ ಜನಕ್ಕೆ ಇನ್ನು ಮುಖ ತೋರಿಸುವುದು ಹೇಗೆ ಎಂದು ಚಪ್ಪಡಿಗೆ ಹೇಳಿದರು. ಬದಲಾಯಿಸಲು ವಾರದ ಕೊನೆಯವರೆಗೆ ಅವಕಾಶವಿತ್ತು. ರಾತ್ರಿ ಊಟಕ್ಕೆ ಕೂತ ಮಗಳಿಗೆ ಯಾರೂ ಏನೂ ಹೇಳಲಿಲ್ಲ. ಅವಳಿಗೆ ಎಲ್ಲ ತಿಳಿಯಿತು. ಅನ್ನವನ್ನು ತಟ್ಟೆಯ ಈ ಕಡೆಯಿಂದ ಆ ಕಡೆಗೆ ತಳ್ಳುತ್ತಿದ್ದಳು.

ಬೆಳಿಗ್ಗೆ ಇವರು ಬಾಚಿಕೊಂಡು ಗಟ್ಟಿ ಮನಸ್ಸು ಮಾಡಿ ಸೈಕಲ್ ಹೊರಗೆ ತೆಗೆದರೆ, ಬೀದಿಯ ಬಾಯಲ್ಲಿ ದಾರಿಯೇ ಇರಲಿಲ್ಲ. ವಾರ್ಡ್ ಆಫೀಸಿನ ಲಾರಿ ಅಡ್ಡ ನಿಂತಿತ್ತು. ನಾಲ್ಕು ಜನ ಹೊಸ ಕಾಂಕ್ರೀಟ್ ಚಪ್ಪಡಿಯನ್ನು ಹಗ್ಗ ಕಟ್ಟಿ ಮೋರಿಯ ಮೇಲೆ ಇಳಿಸುತ್ತಿದ್ದರು. ಓವರ್ಸಿಯರು ನಮ್ಮವರನ್ನು ಕಂಡವರೇ ಓಡಿಬಂದು, ಮೇಲಕ್ಕೆ ಏನಾದರೂ ಹೋಗಿದೆಯೇ ಎಂದು ಪಿಸುಮಾತಿನಲ್ಲಿ ವಿಚಾರಿಸಿದರು. ಗಾರ್ಡು ಅವರು ಹಳೆಯ ಹಸಿರು ಬಾವುಟ ಹಿಡಿದು ನಿಂತಿದ್ದರು. ಚಪ್ಪಡಿ ಕೂತದ್ದೇ ಬಾವುಟ ಬೀಸಿದರು. ಅವರ ಹೆಂಡತಿ ಕೋಲೂರಿಕೊಂಡು ಬಂದು, ಒಂದು ಸಲ ಆ ಕಡೆಗೆ ದಾಟಿ, ಕೆಲಸವೇನೂ ಇಲ್ಲದೆ ಮತ್ತೆ ಈ ಕಡೆಗೆ ದಾಟಿ, ಆಮೇಲೆ ಇವರ ಮುಂದೆ ನಿಂತರು.

"ನಿಮ್ಮ ಹುಡುಗಿಗೆ ಹೇಳಿ," ಎಂದರು. "ಆ ಕೋರ್ಸನ್ನ ಮಾತ್ರ ಬಿಡಬೇಡ ಅನ್ನಿ."

ಇವರು ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡೇ ನಿಂತಿದ್ದರು. ನಾನು ಗೇಟಿನಿಂದ ನೋಡುತ್ತಿದ್ದೆ.

"ಇನ್ನೂ ನಡೀತಿದೆ, ಅಮ್ಮಾ," ಎಂದರು ಕಡೆಗೆ. "ಅರ್ಧಕ್ಕೆ ಬಿಡಿಸೋಕಾಗುತ್ತಾ."

ಹೊಸ ಚಪ್ಪಡಿಯ ಮೇಲೆ ಸೈಕಲ್ ಹತ್ತಿ, ಇಳಿಯದೆಯೇ ದಾಟಿ, ಶಾಲೆಯ ಕಡೆಗೆ ತಿರುಗುವಲ್ಲಿ ತಿರುಗದೆ ನೇರ ಅಂಗಡಿಗೆ ಹೋದರು.

ಅವತ್ತು ಸಂಜೆ ಇವರು ಮಗಳನ್ನು ಕರೆದು ಕೂರಿಸಿಕೊಂಡು, ಈ ಬ್ರಿಜ್ಜಲ್ಲಿ ನಿಜವಾಗಿ ಏನು ಕಲಿಸುತ್ತಾರೆ ಎಂದು ಕೇಳಿದರು. ಅವಳು ಭೌತಶಾಸ್ತ್ರದ ವಿಷಯ ಹೇಳಿದಳು, ಅತ್ತೆಯ ಕಿವಿಯ ವಿಷಯ, ಗಾಜಿನ ಗೂಡಿನ ವಿಷಯ ಎಲ್ಲ ಹೇಳಿದಳು. ಇವರು ಬಹಳ ಹೊತ್ತು ಸುಮ್ಮನೆ ಕೇಳಿದರು. ಸದ್ದು ಅಂದರೆ ಗಾಳಿಯಲ್ಲಿ ಅಲೆ ಹೋದ ಹಾಗೆ ಅಪ್ಪ ಎಂದು ಅವಳು ಶುರುಮಾಡುವಷ್ಟರಲ್ಲಿ ಇವರ ತಲೆ ತಾನಾಗಿ ಆಡತೊಡಗಿತು. "ಗೊತ್ತು, ಗೊತ್ತು," ಎಂದರು. ಮನೆ ಮತ್ತೆ ಮನೆಯಂತಾಯಿತು.

ಮಗಳು ಎದ್ದು ಇಸ್ತ್ರಿ ಮೇಜಿನ ಹತ್ತಿರ ಬಂದಳು. ಅವತ್ತಿನ ಪಾಠ ಎರಡು ಗೊತ್ತಿಲ್ಲದ ಸಂಖ್ಯೆಗಳದು. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು, ಕಡೆಗೆ ಎರಡೂ ತಾವಾಗಿ ಬಾಯಿಬಿಡುವ ಹಾಗೆ ಮಾಡುವುದು. ಅವಳು ಎರಡನೇ ಸಾಲು ಬರೆಯುವಾಗಲೇ ಉತ್ತರ ನನಗೆ ಕಂಡಿತು, ಬಟ್ಟೆಯ ಮೇಲೆ ಇಸ್ತ್ರಿ ಹೋದ ಹಾದಿ ಕಾಣುವಷ್ಟು ಸ್ಪಷ್ಟವಾಗಿ. ಎಕ್ಸ್ ಏಳು, ವೈ ಮೂರು. ನಾಲಿಗೆಯ ತುದಿಗೆ ಬಂತು. ನಿಜ ಹೇಳಬೇಕೆಂದರೆ ಇದು ಹೊಸದಲ್ಲ. ಎರಡನೇ ವಾರದಿಂದಲೇ ಹೀಗಾಗುತ್ತಿತ್ತು.

"ಅರ್ಥ ಆಯ್ತಾ ಅಮ್ಮಾ?"

ಅವಳ ಮೂಗಿನ ಮೇಲೆ ಪೆನ್ಸಿಲ್ಲಿನ ಮಸಿ ಇತ್ತು. ಹೇಳಿಕೊಡುವಾಗ ಮಾತ್ರ ಅವಳು ಹಾಗೆ ನೆಟ್ಟಗೆ ನಿಲ್ಲುತ್ತಾಳೆ. ನಮ್ಮ ಮನೆಯಲ್ಲಿ ಗೊತ್ತಿರುವವರು ಈಗಾಗಲೇ ಒಬ್ಬರಿದ್ದಾರೆ.

ಅವಳ ಪರೀಕ್ಷೆ ಮುಗಿಯುವವರೆಗೂ ನನಗೆ ಗಣಿತ ಬರುವುದಿಲ್ಲ ಎಂದು ಆಗ ತೀರ್ಮಾನಿಸಿದೆ. ಯಾರಿಗೂ ಹೇಳಲಿಲ್ಲ. ಕಾಲರಿನಿಂದ ಇಸ್ತ್ರಿ ಎತ್ತಿ ನೆಟ್ಟಗಿಟ್ಟು, "ಇಲ್ಲ ಕಣೆ," ಎಂದೆ. "ಇನ್ನೊಂದು ಸಲ ಹೇಳು."